ಎಲೆ ಉದುರಿಸಿದ ಮರ ಸತ್ತಿಲ್ಲ, ಸ್ವಲ್ಪ ತಡೀರಿ

ಫೆಬ್ರುವರಿ ಬಂತೆಂದರೆ ಸಾಕು, ಬೆಂಗಳೂರಿನವರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳೆಲ್ಲ ಗುಲಾಬಿ. ಒಂದೆಲೆಯೂ ಇಲ್ಲದ ಕೊಂಬೆಗಳ ತುಂಬ ಹೂ, ಕೆಳಗೆ ರಸ್ತೆ ಮೇಲೂ ಹೂ, ನಡುವೆ ಒಂದು ಸೆಲ್ಫಿ. ‘ನಮ್ಮೂರ ಚೆರ್ರಿ ಬ್ಲಾಸಮ್’ ಅಂತ ಕ್ಯಾಪ್ಷನ್. ಆ ಮರಕ್ಕೂ ಚೆರ್ರಿಗೂ ದೂರದ ನೆಂಟಸ್ತಿಕೆಯೂ ಇಲ್ಲ. ಅದು ಟಬೂಬಿಯಾ ರೋಸಿಯಾ. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗೆ ಅದರ ತವರು. ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ಮರ. ಚೆಂದದ ಮರವೇ, ನಾನೂ ಫೋಟೊ ತೆಗೆದಿದ್ದೇನೆ. ಆದರೆ ಅದೇ ವಾರ ಅದೇ ಊರಲ್ಲಿ ಇನ್ನೂ ನಾಲ್ಕೈದು ಬಗೆಯ ಮರಗಳು ಹೂ ಬಿಟ್ಟಿರುತ್ತವೆ. ಅವುಗಳ ಹೆಸರು ಕೇಳಿದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನ ‘ಯಾವುದೋ ಕಾಡುಮರ’ ಅಂತೀವಿ. ಇನ್ನೂ ಹೂ ಬಿಡದೆ ಬೋಳಾಗಿ ನಿಂತಿದ್ದರಂತೂ ‘ಒಣಗಿದ ಮರ’ ಅಂದುಬಿಡ್ತೀವಿ. ಆ ಎರಡನೆಯ ಮಾತು ಕೆಲವು ಸಲ ಮರದ ಜೀವಕ್ಕೇ ಬರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ‘ವಸಂತದ ಕಾಡುಹೂಗಳು’ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುವುದು ಯುರೋಪು, ಅಮೆರಿಕದ ನೆಲಹೂಗಳು. ಅಲ್ಲಿನ ಕಾಡಿನಲ್ಲಿ ಹಿಮ ಕರಗಿ, ಮೇಲಿನ ಮರಗಳು ಚಿಗುರಿ ನೆರಳು ಕವಿಯುವ ಮೊದಲು, ನೆಲದ ಪುಟ್ಟ ಗಿಡಗಳು ಸಿಕ್ಕ ಬಿಸಿಲಿನಲ್ಲಿ ಗಡಿಬಿಡಿಯಿಂದ ಅರಳಿ ಮುಗಿಸುತ್ತವೆ. ಅದನ್ನು ನೋಡಿ ಇಲ್ಲಿ ಫೆಬ್ರುವರಿಯಲ್ಲಿ ಖಾಲಿ ಸೈಟುಗಳ ನೆಲ ನೋಡುತ್ತ ಹೋದರೆ ಸಿಗುವುದು ಕಡಿಮೆ. ಎಕ್ಕ ಇರುತ್ತದೆ, ಅದು ಹೆಚ್ಚುಕಡಿಮೆ ವರ್ಷವಿಡೀ ಹೂ ಬಿಡುವ ಗಿಡ. ಅರಸಿನ ದತ್ತೂರಿ ಇರುತ್ತದೆ: ತೆಳು ಹಳದಿ ಎಸಳು, ಮುಳ್ಳುಮುಳ್ಳಿನ ಬೂದುಹಸಿರು ಎಲೆ, ಮುರಿದರೆ ಹಳದಿ ಹಾಲು. (ಅದರ ಬೀಜ ಸಾಸಿವೆಯಂತೆಯೇ ಕಾಣುತ್ತದೆ, ಆದರೆ ವಿಷ. ಮಕ್ಕಳ ಕೈಗೆ ಕೊಡಬೇಡಿ.) ತುಂಬೆಯೂ ಉಳಿದ ಬಹುಪಾಲು ನೆಲಹೂಗಳೂ ಮಳೆಗಾಲದ ಹಿಂದೆಮುಂದೆ ಬಂದು ಮುಗಿಸಿರುತ್ತವೆ.

ನಮ್ಮ ಬಯಲುಸೀಮೆಯ ವಸಂತ ನೆಲದಲ್ಲಿಲ್ಲ, ತಲೆ ಮೇಲಿದೆ. ಇಲ್ಲಿ ಕೊರತೆ ಇರುವುದು ಬಿಸಿಲಿಗಲ್ಲ, ನೀರಿಗೆ. ಹಾಗಾಗಿ ಬೇರು ಆಳಕ್ಕಿಳಿದಿರುವ, ಕಾಂಡದಲ್ಲಿ ನೀರೂ ಆಹಾರವೂ ಕೂಡಿಟ್ಟುಕೊಂಡಿರುವ ಮರಗಳು ಮಾತ್ರ ಈ ಹೊತ್ತಲ್ಲಿ ಹೂ ಬಿಡಬಲ್ಲವು. ಎಲೆ ಇದ್ದರೆ ಅದರಿಂದ ನೀರು ಆವಿಯಾಗಿ ಹೋಗುತ್ತದೆ, ಅದಕ್ಕೆ ಮೊದಲು ಎಲೆ ಉದುರಿಸುತ್ತವೆ. ಬೋಳು ಕೊಂಬೆಯ ಮೇಲೆ ಹೂ ದೂರದ ಹಕ್ಕಿಗೂ ಕಾಣುತ್ತದೆ. ನನಗೆ ಇದರಲ್ಲಿ ಹಿಡಿಸಿದ್ದು ಲೆಕ್ಕಾಚಾರ. ರಿಲೀಸ್ ದಿನದಿಂದ ಹಿಂದಕ್ಕೆ ಎಣಿಸುತ್ತ ಪ್ಲಾನ್ ಮಾಡ್ತೀವಲ್ಲ, ಹಾಗೆ. ರಿಲೀಸ್ ಅಂದರೆ ಜೂನ್‌ನ ಮಳೆ. ಮೊದಲ ಮಳೆಗೆ ಬೀಜ ನೆಲ ಮುಟ್ಟಿರಬೇಕು. ಅದಕ್ಕೆ ಏಪ್ರಿಲ್–ಮೇ ಗಾಳಿಯಲ್ಲಿ ಬೀಜ ಹಾರಬೇಕು. ಅದಕ್ಕೆ ಫೆಬ್ರುವರಿ–ಮಾರ್ಚ್‌ನಲ್ಲಿ ಹೂ ಬಿಟ್ಟು ಕಾಯಿ ಕಟ್ಟಬೇಕು. ಮರಕ್ಕೆ ಯೋಜನೆ ಅನ್ನೋದು ಇಲ್ಲ, ಗೊತ್ತು. ಆದರೆ ಸಾವಿರಾರು ತಲೆಮಾರಿನಲ್ಲಿ ಬೇರೆ ಹೊತ್ತಿಗೆ ಅರಳಿದವುಗಳ ಸಸಿ ಉಳಿದದ್ದು ಕಡಿಮೆ.

ಮೂರು ಕೆಂಪು

ಈ ಕಾಲದಲ್ಲಿ ಎಲ್ಲರೂ ಅದಲುಬದಲು ಮಾಡಿಕೊಳ್ಳುವುದು ಮುತ್ತುಗ, ಬೂರುಗ, ಹಾಲವಾಣ ಈ ಮೂರನ್ನು. ಮೂರೂ ಬೋಳು ಮರದಲ್ಲಿ ಕೆಂಪಗೆ ಅರಳುತ್ತವೆ, ಮೂರಕ್ಕೂ ಮೈನಾ, ಕಾಗೆ, ಸೂರಕ್ಕಿ ಮುತ್ತುತ್ತವೆ. ದೂರದಿಂದ ತೆಗೆದ ಫೋಟೊ ಹಾಕಿ ಗೂಗಲ್ ಲೆನ್ಸ್ ಕೇಳಿದರೆ ಅದು ಆ ದಿನದ ಮನಸ್ಸಿಗೆ ಬಂದ ಹೆಸರು ಹೇಳುತ್ತದೆ. ಅದರ ತಪ್ಪಲ್ಲ; ಆಕಾಶದ ಎದುರು ಕೆಂಪು ಚುಕ್ಕೆಗಳನ್ನು ತೋರಿಸಿದರೆ ಯಾರು ತಾನೇ ಏನು ಹೇಳಬೇಕು? ಮರದ ಬುಡಕ್ಕೆ ಹೋಗಿ. ಬಿದ್ದ ಹೂ ಒಂದು ಕೈಗೆತ್ತಿಕೊಂಡರೆ ಅರ್ಧ ನಿಮಿಷದಲ್ಲಿ ತೀರ್ಮಾನ.

ಬೂರುಗದ ಹೂ ತೂಕದ್ದು. ಅಂಗೈಯಗಲ, ದಪ್ಪ ಚರ್ಮದಂಥ ಐದು ಎಸಳು, ನಡುವೆ ಕೇಸರಗಳ ಕುಚ್ಚು. ಇಡೀ ಹೂ ‘ಥಪ್’ ಅಂತ ಬೀಳುತ್ತದೆ, ಒಂದೊಂದೇ ಎಸಳಾಗಿ ಅಲ್ಲ. ತಲೆಯೆತ್ತಿ ನೋಡಿದರೆ ಕಾಂಡ ನೆಟ್ಟಗೆ ಮೇಲಕ್ಕೆ ಹೋಗಿರುತ್ತದೆ, ಕೊಂಬೆಗಳು ಸುತ್ತುಸುತ್ತಾಗಿ ಅಡ್ಡಕ್ಕೆ ಚಾಚಿರುತ್ತವೆ. ಎಳೆಯ ಮರದ ಮೈ ತುಂಬ ಶಂಕುವಿನಂಥ ದಪ್ಪ ಮುಳ್ಳು. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹೂ. ಆಮೇಲೆ ಕಾಯಿ ಒಡೆದು ಹತ್ತಿ ತೇಲುತ್ತದೆ. ಕಾಡಿನಲ್ಲಾದರೆ ಬಿದ್ದ ಹೂ ತಿನ್ನಲು ಜಿಂಕೆಗಳು ಮರದಡಿಯೇ ಕಾದಿರುತ್ತವೆ.

ಮುತ್ತುಗದ ಹೂ ಕೈಯಲ್ಲಿ ಹಗುರ. ಅವರೆ ಹೂವಿನ ಜಾತಿಯದೇ, ಆದರೆ ಕೆಂಪು–ಕಿತ್ತಳೆ. ಒಂದು ಎಸಳು ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತದೆ. ತೊಟ್ಟಿನ ಹತ್ತಿರದ ಬಟ್ಟಲು ಕಪ್ಪಗೆ, ಮುಟ್ಟಿದರೆ ಮಖಮಲ್ಲು. ಅದೊಂದು ಗುರುತು ಸಾಕು. ಮೂಸಿ ನೋಡಿ, ವಾಸನೆಯೇ ಇಲ್ಲ; ಹಕ್ಕಿಗೆ ಬಣ್ಣ ಸಾಕು, ಪರಿಮಳದ ಖರ್ಚು ಯಾಕೆ? ಮರ ಸೊಟ್ಟಸೊಟ್ಟ. ಎಲೆ ಮೂರು ಮೂರು ಜೊತೆ, ದೊಡ್ಡವು. ಊಟದೆಲೆ ಹಚ್ಚುವುದು ಇದರಿಂದಲೇ. ಉತ್ತರ ಕರ್ನಾಟಕದಲ್ಲಿ ಇದು ಮುತ್ತಲ. ಹೂ ನೆನೆಸಿ ಹೋಳಿಗೆ ಬಣ್ಣ ಮಾಡುತ್ತಿದ್ದುದನ್ನು ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಫೆಬ್ರುವರಿ ಕೊನೆಯಿಂದ ಮಾರ್ಚ್‌ನಲ್ಲಿ ಬಂಡೀಪುರದ ಕಡೆ ಹೋದರೆ, ಸುತ್ತ ಎಲ್ಲ ಬೂದು ಬಣ್ಣ, ನಡುನಡುವೆ ಇದೊಂದೇ ಬೆಂಕಿ ಹಚ್ಚಿದ ಹಾಗೆ. ಸಫಾರಿಯಲ್ಲಿ ಹುಲಿ ಕಾಣಲಿಲ್ಲ ಅಂತ ಮುಖ ಊದಿಸಿಕೊಂಡು ಬರುವವರನ್ನು ಕಂಡಾಗ ನನಗೆ ಅನ್ನಿಸುವುದು, ಪಾಪ, ಇದನ್ನೂ ನೋಡಲಿಲ್ಲವಲ್ಲ.

ಹಾಲವಾಣ ಕಾಫಿ ತೋಟದವರಿಗೆ ಗೊತ್ತಿರುವ ಮರ. ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸಲೂ ಹಾಕುತ್ತಾರೆ. ಅದಕ್ಕೂ ಮೂರೆಲೆ, ಆದರೆ ಕೊಂಬೆಯಲ್ಲಿ ಸಣ್ಣ ಮುಳ್ಳು. ಹೂ ಕಡುಕೆಂಪು, ಕೊಂಬೆ ತುದಿಯಲ್ಲಿ ಗೊಂಚಲಾಗಿ. ಒಂದು ಅಗಲದ ಎಸಳು ಎದ್ದು ಕಾಣುತ್ತದೆ. ಕಪ್ಪು ಮಖಮಲ್ಲಿನ ಬಟ್ಟಲು ಇಲ್ಲ ಎಂದಾದರೆ ಅದು ಮುತ್ತುಗವಲ್ಲ.

ಗುಲಾಬಿಯಲ್ಲೂ ಇಂಥದೇ ತಂಟೆ. ಹೊರವಲಯದ ಬೇಲಿಗಳಲ್ಲಿ, ಹಳ್ಳಿ ದಾರಿಯಲ್ಲಿ ಕೊಂಬೆಯುದ್ದಕ್ಕೂ ತಿಳಿಗುಲಾಬಿ ಹೂ ಅಂಟಿಸಿದಂತೆ ಕಂಡರೆ ಅದು ಟಬೂಬಿಯಾ ಅಲ್ಲ, ಗೊಬ್ಬರದ ಗಿಡ, ಗ್ಲಿರಿಸಿಡಿಯಾ. ಹೂ ಅವರೆ ಹೂವಿನ ಆಕಾರ. ಟಬೂಬಿಯಾದ್ದು ತುತ್ತೂರಿ, ಐದೂ ಎಸಳು ಕೆಳಗೆ ಒಂದಾಗಿ ಕೊಳವೆಯಾಗಿರುತ್ತವೆ, ಎಲೆ ಕೈಬೆರಳಿನಂತೆ ಐದು. ಏಪ್ರಿಲ್ ಮೇಲೆ ಗುಲಾಬಿ ಗೊಂಚಲು ಕಂಡು, ಎಸಳು ಐದೂ ಬೇರೆಬೇರೆಯಾಗಿದ್ದರೆ ಅದು ಗುಲಾಬಿ ಕ್ಯಾಸಿಯಾ ಇರಬಹುದು. ಅಂದರೆ ತಾರೀಖು ಕೂಡ ಒಂದು ಗುರುತು. ಪುಸ್ತಕಗಳಲ್ಲಿ ಎಲೆ, ಹೂ, ಕಾಯಿ ಅಂತ ಬರೆದು ಕೊನೆಯಲ್ಲಿ ಸಣ್ಣದಾಗಿ ಹೂ ಬಿಡುವ ತಿಂಗಳು ಕೊಟ್ಟಿರುತ್ತಾರೆ. ನಾನು ಈಗ ಅದನ್ನೇ ಮೊದಲು ಓದುತ್ತೇನೆ. ತಿಂಗಳು ಹೊಂದದಿದ್ದರೆ ಅರ್ಧ ಹೆಸರುಗಳು ಅಲ್ಲೇ ಬಿದ್ದುಹೋಗುತ್ತವೆ.

ಆಜೆಂಡಾದಲ್ಲಿ ಒಂದು ಮರ

ಈ ತಿಂಗಳ ಲೆಕ್ಕ ಬರೀ ಹವ್ಯಾಸಿಗಳಿಗಲ್ಲ ಅಂತ ನನಗೆ ಅರ್ಥವಾದದ್ದು ನಮ್ಮ ಅಪಾರ್ಟ್‌ಮೆಂಟಿನಲ್ಲಿ. ಹಿಂಬದಿಯ ಕಾಂಪೌಂಡಿಗೆ ತಾಗಿ ಒಂದು ಬೂರುಗವಿದೆ, ಕಟ್ಟಡಕ್ಕಿಂತ ಹಳೆಯದು. ಮೂರು ವರ್ಷದ ಹಿಂದೆ, ಜನವರಿ ಮಧ್ಯದಲ್ಲಿ, ಗ್ರೂಪಿನಲ್ಲಿ ಅದರ ಫೋಟೊ ಬಂತು. ‘ಒಣಗಿದ ಮರ. ಕೆಳಗೆ ಕಾರುಗಳಿವೆ. ಮಳೆಗಾಲಕ್ಕೆ ಮುಂಚೆ ತೆಗೆಸಬೇಕು.’ ಹದಿನೈದು ನಿಮಿಷದಲ್ಲಿ ಇಪ್ಪತ್ತು ಹೆಬ್ಬೆಟ್ಟು. ಭಾನುವಾರದ ಮೀಟಿಂಗಿನ ಆಜೆಂಡಾಕ್ಕೂ ಸೇರಿತು.

ನಾನು ಶನಿವಾರ ಬೆಳಿಗ್ಗೆ ಮರದ ಹತ್ತಿರ ಹೋದೆ. ಜೀವ ಇದೆಯೋ ಇಲ್ಲವೋ ನೋಡಲು ಕಷ್ಟವೇನಿಲ್ಲ: ಕೈಗೆ ಸಿಗುವ ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದರೆ ಸಾಕು. ಅಡಿಯಲ್ಲಿ ಹಸಿರು, ಒದ್ದೆ ಇದ್ದರೆ ಜೀವ ಇದೆ. ಕಂದು, ಒಣಕಲು ಇದ್ದು ಕಡ್ಡಿ ಪಟ್ ಅಂತ ಮುರಿದರೆ ಆ ರೆಂಬೆ ಹೋಗಿದೆ, ಇನ್ನೂ ಒಂದೆರಡು ಕಡೆ ನೋಡಬೇಕು. ಇಲ್ಲಿ ಹಸಿರಿತ್ತು. ಮೇಲಿನ ಕೊಂಬೆಗಳ ಮೇಲೆ ಗುಂಡುಗುಂಡಾಗಿ ಮೊಗ್ಗು ಕೂಡ ಎದ್ದಿದ್ದವು, ಬೈನಾಕ್ಯುಲರ್‌ನಲ್ಲಿ ಚೆನ್ನಾಗಿ ಕಂಡವು. ಯಾದಗಿರಿ ಕಡೆಯ ನಮ್ಮ ವಾಚ್‌ಮನ್ ಅಣ್ಣ ಇದನ್ನೆಲ್ಲ ನೋಡುತ್ತ ನಿಂತಿದ್ದವರು, “ಸತ್ತಿಲ್ರೀ ಸರ, ಹೂವಿನ ಹೊತ್ತಿಗೆ ಎಲಿ ಉದುರಸ್ತೈತಿ. ಯಾರರ ನನ್ನ ಕೇಳಿದ್ರ ಹೇಳ್ತಿದ್ದೆ” ಅಂದರು. ಯಾರೂ ಕೇಳಿರಲಿಲ್ಲ.

ಮೀಟಿಂಗಿನಲ್ಲಿ ನಾನು ಕೇಳಿದ್ದು ಒಂದೇ: ಆರು ವಾರ ಟೈಮ್ ಕೊಡಿ. ಮೂರನೇ ಮಹಡಿಯ ರಿಟೈರ್ಡ್ ಅಂಕಲ್ ಒಬ್ಬರು, “ನೋಡಪ್ಪಾ, ನಾಳೆ ಅದು ಯಾರ ತಲೆ ಮೇಲಾದ್ರೂ ಬಿದ್ರೆ ನೀನು ಜವಾಬ್ದಾರನಾ?” ಅಂದರು. ನ್ಯಾಯವಾದ ಪ್ರಶ್ನೆಯೇ. “ಅಂಕಲ್, ಬೀಳೋ ಮರ ಬೇರೆ, ಬೋಳು ಮರ ಬೇರೆ. ಬೇರಿನ ಹತ್ತಿರ ನೋಡೋಣ, ಪೊಟರೆ ಇದೆಯಾ, ವಾಲಿದೆಯಾ, ಅಣಬೆ ಎದ್ದಿದೆಯಾ” ಅಂದೆ. ಎಲ್ಲರೂ ಹೋಗಿ ನೋಡಿದೆವು, ಏನೂ ಇರಲಿಲ್ಲ. ಜೊತೆಗೆ ಕಾನೂನಿನ ಮಾತೂ ಬಂತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಕಾಂಪೌಂಡಿನೊಳಗಿನ ಮರವಾದರೂ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಅದು ಗೊತ್ತಾದ ಮೇಲೆ ಉತ್ಸಾಹ ಸ್ವಲ್ಪ ಇಳಿಯಿತು. ಫೆಬ್ರುವರಿ ಎರಡನೇ ವಾರ ಮರ ಕೆಂಪಾಯಿತು. ಅದೇ ಗ್ರೂಪಿನಲ್ಲಿ ಅದೇ ಮರದ ಸೂರ್ಯೋದಯದ ಫೋಟೊಗಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಸಿನಿಮಾ ಆಗುತ್ತಿತ್ತು. ಮಾರ್ಚ್‌ನಲ್ಲಿ ‘ಹೂ ಬಿದ್ದು ಕಾರಿನ ಬಾನೆಟ್ ಕಲೆಯಾಗ್ತಿದೆ, ನೆಲ ಜಾರ್ತಿದೆ’ ಅಂತ ದೂರು. ಏಪ್ರಿಲ್‌ನಲ್ಲಿ ‘ಹತ್ತಿ ಹಾರಿ ಮಗುವಿಗೆ ಅಲರ್ಜಿ.’ ಸತ್ತಿದೆ ಅಂತ ಶುರುವಾದ ದೂರು, ಜೀವ ಜಾಸ್ತಿಯಾಯ್ತು ಅನ್ನುವಲ್ಲಿಗೆ ಬಂತು. ತೇಲುವ ಹತ್ತಿ ಪರಾಗವಲ್ಲ, ಬೀಜ ಹೊತ್ತೊಯ್ಯುವ ನಾರು ಅಷ್ಟೇ. ಬೂರುಗದ ಪರಾಗವನ್ನು ಸಾಗಿಸುವವು ಹಕ್ಕಿ, ಬಾವಲಿಗಳು. ಆದರೂ ಧೂಳಿನ ಜೊತೆ ಸೇರಿ ಮೂಗಿಗೆ ಕಿರಿಕಿರಿ ಮಾಡಬಹುದು, ಅದನ್ನು ಇಲ್ಲ ಅನ್ನಲಾಗದು. ಕೊನೆಗೆ ಕೆಳಗಿನ ನಾಲ್ಕು ಪಾರ್ಕಿಂಗ್ ಜಾಗ ಮೂರು ತಿಂಗಳ ಮಟ್ಟಿಗೆ ಸೈಕಲ್‌ಗಳಿಗೆ ಅಂತಾಯಿತು. ಮರ ಇದೆ. ಪ್ರತಿ ಜನವರಿಯಲ್ಲೂ ಆಜೆಂಡಾದಲ್ಲಿ ಬರುತ್ತದೆ, ಹೊಸದಾಗಿ ಬಾಡಿಗೆಗೆ ಬಂದ ಯಾರಾದರೂ ಎತ್ತುತ್ತಾರೆ. ಈಗ ಉತ್ತರ ಕೊಡಲು ಅಂಕಲ್ಲೇ ಮುಂದೆ ಬರುತ್ತಾರೆ, ಫೋನಿನಲ್ಲಿ ಹಿಂದಿನ ವರ್ಷದ ಫೋಟೊ ತೆಗೆದು.

ಯುಗಾದಿಗೆ ಬೇವಿನ ಹೂ ಯಾಕೆ ಕೈಕೊಡುತ್ತದೆ

‘ಈ ಸಲ ಎಲ್ಲ ಬೇಗ ಅರಳಿಬಿಟ್ಟಿದೆ, ಹವಾಮಾನ ಕೆಟ್ಟಿದೆ’ ಅನ್ನುವ ಮಾತು ಈಗ ಪ್ರತಿ ವರ್ಷ ಕೇಳುತ್ತದೆ. ನಿಜ ಇರಬಹುದು. ಆದರೆ ‘ಬೇಗ’ ಅನ್ನಲು ಒಂದು ಅಳತೆ ಬೇಕು. ನಮ್ಮಲ್ಲಿ ಬಹಳ ಜನರ ಅಳತೆ ಯುಗಾದಿ. ಹಬ್ಬದ ದಿನ ಬೇವಿನ ಹೂ ಸಿಕ್ಕರೆ ಸರಿ, ಸಿಗದಿದ್ದರೆ ಕಾಲ ಕೆಟ್ಟಿತು. ತೊಂದರೆ ಏನೆಂದರೆ ಯುಗಾದಿ ಚಾಂದ್ರಮಾನದ ಹಬ್ಬ, ಅದೇ ಜಾಗದಲ್ಲಿ ನಿಲ್ಲುವುದಿಲ್ಲ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಮೂರು ವರ್ಷದಲ್ಲಿ ಮೂರು ವಾರದ ಓಡಾಟ. ಬೇವು ಪಂಚಾಂಗ ನೋಡಿ ಹೂ ಬಿಡುವುದಿಲ್ಲ. ಅದರ ಪಾಡಿಗೆ ಅದು ಮಾರ್ಚ್–ಏಪ್ರಿಲ್‌ನಲ್ಲಿ ಬಿಡುತ್ತದೆ. ಹಬ್ಬ ಬೇಗ ಬಂದ ವರ್ಷ ಹೂ ಹುಡುಕಿ ಮೂರು ರಸ್ತೆ ಸುತ್ತಬೇಕಾಗಬಹುದು, ಅದರಿಂದ ಮರ ತಡ ಮಾಡಿದೆ ಅಂತ ಆಗುವುದಿಲ್ಲ.

ಕೇರಳದ ವಿಷು, ನಮ್ಮ ತುಳುನಾಡಿನ ಬಿಸು ಈ ಕೆಲಸಕ್ಕೆ ಹೆಚ್ಚು ಒಳ್ಳೆಯ ಗುರುತು. ಸೌರಮಾನ ಆದ್ದರಿಂದ ಪ್ರತಿ ವರ್ಷ ಏಪ್ರಿಲ್ ಮಧ್ಯಕ್ಕೇ ಬರುತ್ತವೆ. ವಿಷುವಿಗೆ ಕಕ್ಕೆ ಹೂ ಬೇಕೇ ಬೇಕು. ಅದು ಈಚಿನ ವರ್ಷಗಳಲ್ಲಿ ಹಬ್ಬಕ್ಕೆ ವಾರಗಟ್ಟಲೆ ಮುಂಚೆಯೇ ಅರಳುವುದನ್ನು ಕೇರಳದ ಜನ ಗಮನಿಸಿದ್ದಾರೆ. ಅಲ್ಲಿ ಶಾಲೆ ಮಕ್ಕಳು ಸೇರಿದಂತೆ ಸಾವಿರಾರು ಜನ ‘ಸೀಸನ್‌ವಾಚ್’ ಎಂಬ ಯೋಜನೆಗೆ ಮರಗಳ ಲೆಕ್ಕ ಬರೆದು ಕಳಿಸುತ್ತಾರೆ. ಜಪಾನಿನ ಕ್ಯೋಟೋದಲ್ಲಂತೂ ಚೆರ್ರಿ ಅರಳಿದ ದಿನಗಳ ದಾಖಲೆ 1200 ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಹೂವು ಪೂರ್ತಿ ಅರಳಿದ ದಿನ 2021ರಲ್ಲಿ ಮಾರ್ಚ್ 26 ಆಗಿತ್ತು, ಅಲ್ಲಿಯವರೆಗಿನ ಇಡೀ ದಾಖಲೆಯಲ್ಲೇ ಅತಿ ಬೇಗ. ಅಲ್ಲಿನವರು ಹಾಗೆ ಗಟ್ಟಿಯಾಗಿ ಹೇಳಬಲ್ಲರು, ಯಾಕೆಂದರೆ ಯಾರೋ ಬರೆದಿಟ್ಟಿದ್ದಾರೆ.

ಬೆಂಗಳೂರಿನ ಬೀದಿಗಳಿಗೂ ಒಂದು ಹೂವಿನ ಕ್ಯಾಲೆಂಡರ್ ಇದೆ, ಅದು ತಾನಾಗಿ ಆದದ್ದಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ರಸ್ತೆಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ರಸ್ತೆಯದು ಶುರುವಾಗಲಿ ಎಂದು ಸಾಲುಮರಗಳನ್ನು ಯೋಚಿಸಿ ಹಾಕಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಈಗ ಆಫೀಸಿಗೆ ಹೋಗುವ ದಾರಿಯಲ್ಲಿ ಜನವರಿ–ಫೆಬ್ರುವರಿಯ ಗುಲಾಬಿ ಟಬೂಬಿಯಾ, ಅದರ ಬೆನ್ನಿಗೇ ಹಳದಿ ಟಬೂಬಿಯಾ, ಮಾರ್ಚ್ ಹೊತ್ತಿಗೆ ನೀಲಿ ಜಕರಂಡಾ, ಏಪ್ರಿಲ್‌ನಲ್ಲಿ ಕಕ್ಕೆ, ಗುಲ್‌ಮೊಹರ್ ಅಂತ ಸಾಲಾಗಿ ನೋಡುತ್ತೀವಲ್ಲ, ಅದು ಅವರಂಥವರ ಕೆಲಸ. ಇವುಗಳಲ್ಲಿ ಕಕ್ಕೆಯೊಂದು ಬಿಟ್ಟು ಉಳಿದದ್ದೆಲ್ಲ ಹೊರದೇಶದ್ದು ಅನ್ನುವುದು ನನಗೆ ಸಣ್ಣ ಕಸಿವಿಸಿ. ಅದಕ್ಕೇ ಹೊಂಗೆಯ ಮೇಲೆ ನನಗೆ ಹೆಚ್ಚು ಪ್ರೀತಿ. ಹೊಂಗೆ ಬೋಳಾಗಿರುವುದು ಕೆಲವೇ ದಿನ. ಎಣ್ಣೆ ಸವರಿದಂಥ ತಿಳಿಹಸಿರು ಚಿಗುರು ಬಂದು, ಅದರ ಮರೆಯಲ್ಲಿ ಬಿಳಿಗುಲಾಬಿ ಪುಟ್ಟ ಹೂ. ಹೂ ಬಿಟ್ಟಿದ್ದು ಗೊತ್ತಾಗುವುದು ಮೇಲೆ ನೋಡಿದಾಗ ಅಲ್ಲ, ಕೆಳಗೆ ನಿಲ್ಲಿಸಿದ ಸ್ಕೂಟರ್ ಸೀಟಿನ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಬಿದ್ದಾಗ. ಯಾರೂ ಸೆಲ್ಫಿ ತೆಗೆಯದ ಹೂ.

ಮಲೆನಾಡಿನವರಿಗೆ ಈ ಲೆಕ್ಕ ಬೇರೆ. ಅಲ್ಲಿ ಕಾಫಿ ಹೂವಿಗೆ ತಾರೀಖಿಗಿಂತ ಮಳೆ ಮುಖ್ಯ. ಫೆಬ್ರುವರಿ–ಮಾರ್ಚ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದ ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಸುರಗಿ ಕೂಡ ಆ ಕಡೆ ಇದೇ ಸುಮಾರಿಗೆ. ಕೊಂಬೆಗೇ ಅಂಟಿಕೊಂಡಂತೆ ಅರಳುತ್ತದೆ, ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಅಲ್ಲಿಂದ ಬಂದು ಇಲ್ಲಿ ಕೆಲಸ ಮಾಡುವವರು ಊರಿಗೆ ಫೋನ್ ಮಾಡಿದಾಗ “ಸುರಗಿ ಬಂತಾ?” ಅಂತ ಒಂದು ಮಾತು ಕೇಳಿ ತಾರೀಖು ಬರೆದಿಟ್ಟರೆ ಅದೂ ದಾಖಲೆಯೇ.

ಬರೆಯುವುದು ಹೇಗೆ ಅಂದರೆ, ಒಂದೇ ಮರ ಆರಿಸಿಕೊಳ್ಳಿ. ಬಸ್‌ಸ್ಟಾಪಿನದು, ಆಫೀಸ್ ಗೇಟಿನದು, ದಿನಾ ಕಣ್ಣಿಗೆ ಬೀಳುವಂಥದು. ವಾರಕ್ಕೊಂದು ಸಲ, ಅದೇ ವಾರದ ದಿನ, ನೋಡಿ: ಎಲೆ, ಮೊಗ್ಗು, ಹೂ, ಕಾಯಿ, ಪ್ರತಿಯೊಂದಕ್ಕೂ ‘ಇಲ್ಲ, ಸ್ವಲ್ಪ, ತುಂಬ’ ಈ ಮೂರರಲ್ಲಿ ಒಂದು. ಸೀಸನ್‌ವಾಚ್‌ನವರೂ ಹೆಚ್ಚುಕಡಿಮೆ ಹೀಗೇ ಕೇಳುವುದು. ‘ಇಲ್ಲ’ ಅಂತ ಬರೆಯುವುದನ್ನು ತಪ್ಪಿಸಬೇಡಿ. ಕಳೆದ ವಾರ ಇರಲಿಲ್ಲ ಅಂತ ಗೊತ್ತಿದ್ದರೆ ಮಾತ್ರ ಈ ವಾರ ಶುರುವಾಯಿತು ಅನ್ನಬಹುದು. ಲಾಗ್ ಫೈಲ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಸರು ಗೊತ್ತಿಲ್ಲದ ಮರವಾದರೆ ಐನ್ಯಾಚುರಲಿಸ್ಟ್ ಆ್ಯಪ್‌ಗೆ ನಾಲ್ಕು ಫೋಟೊ ಹಾಕಿ: ಇಡೀ ಮರ, ತೊಗಟೆ, ಬಿದ್ದ ಹೂವಿನ ಮುಂಭಾಗ ಮತ್ತು ಪಕ್ಕ, ಬುಡದಲ್ಲಿ ಬಿದ್ದ ಒಂದು ಹಳೆಯ ಎಲೆ. ಹೂವಿನ ಪಕ್ಕ ಒಂದು ನಾಣ್ಯ ಇಟ್ಟರೆ ಗಾತ್ರ ತಿಳಿಯುತ್ತದೆ. ಅಲ್ಲಿ ಬೇರೆ ಮನುಷ್ಯರು ನೋಡಿ ಒಪ್ಪಿದ ಮೇಲೆಯೇ ಹೆಸರು ಗಟ್ಟಿಯಾಗುವುದು. ಕೊಂಬೆಯಿಂದ ಹೂ ಕೀಳುವ ಅಗತ್ಯವೇ ಬೀಳುವುದಿಲ್ಲ.

ಒಂದು ಎಚ್ಚರಿಕೆ. ಒಂದೇ ರಸ್ತೆಯ ಎರಡು ಮರಗಳ ನಡುವೆಯೇ ಎರಡು ಮೂರು ವಾರ ಹೆಚ್ಚುಕಡಿಮೆ ಆಗುತ್ತದೆ. ನನ್ನ ಪಟ್ಟಿಯಲ್ಲಿರುವ ಎರಡು ಹೊಂಗೆಗಳಲ್ಲಿ, ಬಸ್‌ಸ್ಟಾಪಿನದು ಮೂರು ವರ್ಷವೂ ಮೊದಲು ಚಿಗುರಿದೆ. ಅರವತ್ತು ಹೆಜ್ಜೆ ದೂರದ, ಚರಂಡಿ ಪಕ್ಕದ್ದು ಹನ್ನೆರಡು, ಒಂಬತ್ತು, ಹದಿನಾಲ್ಕು ದಿನ ಹಿಂದೆ. ಹಾಗಾಗಿ ಯಾವುದೋ ಒಂದು ಮರ ಡಿಸೆಂಬರಿನಲ್ಲೇ ಹೂ ಬಿಟ್ಟಿತು ಅಂತ ಗಾಬರಿಯ ಪೋಸ್ಟ್ ಹಾಕುವ ಮೊದಲು, ಆ ಮರ ಹೋದ ವರ್ಷ ಯಾವಾಗ ಬಿಟ್ಟಿತ್ತು ಅಂತ ಅಲ್ಲೇ ಎಳನೀರು ಮಾರುವವರನ್ನು ಕೇಳಿ. ಅವರು ದಿನವಿಡೀ ಅದರ ಕೆಳಗೇ ಕೂತಿರುತ್ತಾರೆ.